ಅವಕೆಂಪು ತಾಪಮಾಪಕ: ಮನೆ ಗ್ಯಾರೇಜಿನ ಬಳಕೆ

ಅವಕೆಂಪು ತಾಪಮಾಪಕವು ವಸ್ತುವನ್ನು ಮುಟ್ಟದೆ, ಅದರ ಮೇಲ್ಮೈಯಿಂದ ಹೊರಡುವ ಅವಕೆಂಪು ವಿಕಿರಣವನ್ನು ಗ್ರಹಿಸಿ, ಆ ಮೇಲ್ಮೈಯ ತಾಪವನ್ನು ಅಂಕಿಯಲ್ಲಿ ತೋರಿಸುವ ಉಪಕರಣ. ಪಿಸ್ತೂಲಿನ ಆಕಾರದ ಕೈ ಉಪಕರಣ ಇದರ ಸಾಮಾನ್ಯ ರೂಪ. ಅಂಗಡಿಗಳಲ್ಲಿ ಇದು ಟೆಂಪರೇಚರ್ ಗನ್, ಐಆರ್ ಗನ್, ಲೇಸರ್ ಥರ್ಮಾಮೀಟರ್ ಎಂಬ ಹೆಸರುಗಳಲ್ಲಿ ಸಿಗುತ್ತದೆ. ವಾಹನ, ಪಂಪ್‌ಸೆಟ್ಟು ಮತ್ತು ಕೃಷಿಯಂತ್ರಗಳನ್ನು ಮನೆಯ ಶೆಡ್ಡಿನಲ್ಲೇ ನೋಡಿಕೊಳ್ಳುವವರಿಗೆ ಬ್ರೇಕು, ಬೇರಿಂಗು, ರೇಡಿಯೇಟರು, ವಿದ್ಯುತ್ ಜೋಡಣೆಗಳ ಬಿಸಿಯನ್ನು ಹೋಲಿಸಿ ನೋಡಲು ಇದು ಒದಗುತ್ತದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಂಥ ಘಟ್ಟದಂಚಿನ, ಮಳೆ ಹೆಚ್ಚಿರುವ ಸೀಮೆಯಲ್ಲಿ ಇದರ ಆಯ್ಕೆ ಮತ್ತು ಪಾಲನೆಯಲ್ಲಿ ಗಮನಿಸಬೇಕಾದ ಕೆಲವು ವಿಶೇಷ ಸಂಗತಿಗಳಿವೆ.

ಪರಿಭಾಷೆ

ಉತ್ಸರ್ಜನಾಂಕ: ಒಂದು ಮೇಲ್ಮೈ ಹೊರಸೂಸುವ ವಿಕಿರಣಕ್ಕೂ ಅದೇ ತಾಪದ ಆದರ್ಶ ಕಪ್ಪುಕಾಯ ಹೊರಸೂಸುವ ವಿಕಿರಣಕ್ಕೂ ಇರುವ ಅನುಪಾತ. ಇದರ ಬೆಲೆ 0ಯಿಂದ 1ರವರೆಗೆ.

ಅಳತೆ ವೃತ್ತ: ಉಪಕರಣ ಒಂದು ಸಲಕ್ಕೆ ‘ನೋಡುವ’ ಮೇಲ್ಮೈಯ ಭಾಗ. ತೆರೆಯ ಮೇಲಿನ ಅಂಕಿ ಈ ವೃತ್ತದೊಳಗಿನ ತಾಪದ ಸರಾಸರಿ.

ದೂರ–ವೃತ್ತ ಅನುಪಾತ: ಉಪಕರಣದಿಂದ ವಸ್ತುವಿಗಿರುವ ದೂರಕ್ಕೂ ಅಳತೆ ವೃತ್ತದ ವ್ಯಾಸಕ್ಕೂ ಇರುವ ಅನುಪಾತ. ಪೆಟ್ಟಿಗೆಯ ಮೇಲೆ ಇದು ಡಿ:ಎಸ್ ಎಂದು ಅಚ್ಚಾಗಿರುತ್ತದೆ.

ಹಿನ್ನೆಲೆ

ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ 1800ರಲ್ಲಿ ಸೂರ್ಯನ ಬೆಳಕನ್ನು ಅಶ್ರಗದಿಂದ ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಪಾದರಸದ ತಾಪಮಾಪಕವಿಟ್ಟು ನೋಡಿದ. ಕೆಂಪು ಬಣ್ಣದ ಅಂಚಿನಾಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲೂ ಪಾದರಸ ಮೇಲೇರಿತು. ಅವಕೆಂಪು ವಿಕಿರಣ ಗೊತ್ತಾದದ್ದು ಹೀಗೆ. ಎರಡು ಬೇರೆ ಲೋಹಗಳ ಬೆಸುಗೆಗಳ ನಡುವೆ ತಾಪ ವ್ಯತ್ಯಾಸವಿದ್ದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಥಾಮಸ್ ಸೀಬೆಕ್ 1821ರಲ್ಲಿ ತೋರಿಸಿದ. ಇಂಥ ಬೆಸುಗೆಗಳನ್ನು ಸಾಲಾಗಿ ಜೋಡಿಸಿದ ಥರ್ಮೊಪೈಲನ್ನು ವಿಕಿರಣದ ಅಳತೆಗೆ ಬಳಸಿದವರು ಇಟಲಿಯ ನೊಬಿಲಿ ಮತ್ತು ಮೆಲೋನಿ. ಇಂದಿನ ಅಗ್ಗದ ತಾಪಮಾಪಕಗಳಲ್ಲಿರುವುದು ಇದೇ ಸಾಧನದ ಕಿರುರೂಪ.

ವಿಕಿರಣಕ್ಕೂ ತಾಪಕ್ಕೂ ಇರುವ ಗಣಿತ ಸಂಬಂಧ 19ನೆಯ ಶತಮಾನದ ಉತ್ತರಾರ್ಧದಲ್ಲಿ ಖಚಿತವಾಯಿತು. ಕಿರ್ಕಾಫ್ 1859ರಲ್ಲಿ ಉತ್ಸರ್ಜನೆ ಮತ್ತು ಹೀರಿಕೆಯ ನಿಯಮವನ್ನು ಕೊಟ್ಟ. ಸ್ಟೆಫಾನ್ 1879ರಲ್ಲಿ ಪ್ರಯೋಗಗಳ ಆಧಾರದಿಂದ, ಬೋಲ್ಟ್ಸ್‌ಮನ್ 1884ರಲ್ಲಿ ಸಿದ್ಧಾಂತದಿಂದ ನಾಲ್ಕನೆಯ ಘಾತದ ನಿಯಮವನ್ನು ಸ್ಥಾಪಿಸಿದರು. ವೀನ್ 1893ರಲ್ಲಿ ಅಲೆಯುದ್ದದ ಸ್ಥಾನಾಂತರ ನಿಯಮವನ್ನೂ ಪ್ಲಾಂಕ್ 1900ರಲ್ಲಿ ಪೂರ್ಣ ಸೂತ್ರವನ್ನೂ ನೀಡಿದರು. ಅಂತರರಾಷ್ಟ್ರೀಯ ತಾಪ ಮಾನಕವಾದ ಐಟಿಎಸ್-90ರಲ್ಲಿ ಬೆಳ್ಳಿ ಹೆಪ್ಪುಗಟ್ಟುವ 961.78° ಸೆ.ಗಿಂತ ಮೇಲಿನ ತಾಪಗಳ ನಿರ್ಧಾರಕ್ಕೆ ಪ್ಲಾಂಕನ ವಿಕಿರಣ ಸೂತ್ರವೇ ಆಧಾರ.

ಮೊದಮೊದಲು ಈ ಬಗೆಯ ಉಪಕರಣಗಳು ಕುಲುಮೆ, ಗಾಜು, ಉಕ್ಕಿನ ಕಾರ್ಖಾನೆಗಳಿಗೆ ಸೀಮಿತವಾಗಿದ್ದವು. ಸಿಲಿಕಾನ್ ಬಿಲ್ಲೆಯ ಮೇಲೆ ಥರ್ಮೊಪೈಲ್ ತಯಾರಿಸುವುದು ಸಾಧ್ಯವಾದ ಮೇಲೆ ಬೆಲೆ ಇಳಿದು, ಕೈ ಉಪಕರಣಗಳು ಸಾಮಾನ್ಯ ಗ್ಯಾರೇಜಿಗೂ ಬಂದವು. ಭಾರತದ ಜನಸಾಮಾನ್ಯರಿಗೆ ಇದರ ವ್ಯಾಪಕ ಪರಿಚಯವಾದದ್ದು 2020ರ ಕೋವಿಡ್ ಕಾಲದಲ್ಲಿ, ಹಣೆಗೆ ಹಿಡಿಯುವ ತಾಪಮಾಪಕದ ಮೂಲಕ.

ತತ್ತ್ವ

ಪರಮ ಶೂನ್ಯಕ್ಕಿಂತ ಬಿಸಿಯಾಗಿರುವ ಪ್ರತಿಯೊಂದು ವಸ್ತುವೂ ವಿಕಿರಣ ಹೊರಸೂಸುತ್ತದೆ. ಚದರ ಮೀಟರಿಗೆ ಹೊರಡುವ ಶಕ್ತಿ ಕೆಲ್ವಿನ್ ತಾಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಸುಮಾರು 27° ಸೆ. ತಾಪದ ವಸ್ತುವಿನ ವಿಕಿರಣ 9.7 ಮೈಕ್ರೊಮೀಟರ್ ಅಲೆಯುದ್ದದ ಸುತ್ತ ಅತಿ ಪ್ರಬಲ. ವಸ್ತು ಬಿಸಿಯಾದಂತೆ ಈ ಶಿಖರ ಕಿರಿಯ ಅಲೆಯುದ್ದದ ಕಡೆಗೆ ಸರಿದು, 227° ಸೆ.ನಲ್ಲಿ 5.8 ಮೈಕ್ರೊಮೀಟರಿಗೆ ಬರುತ್ತದೆ.

ಗ್ಯಾರೇಜು ಬಳಕೆಯ ಉಪಕರಣಗಳು 8ರಿಂದ 14 ಮೈಕ್ರೊಮೀಟರ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಈ ಪಟ್ಟಿಯಲ್ಲಿ ಗಾಳಿ ಬಹುಮಟ್ಟಿಗೆ ಪಾರದರ್ಶಕವಾದ್ದರಿಂದ ಕೈಯಳತೆಯ ದೂರದಲ್ಲಿ ಗಾಳಿಯಲ್ಲಿನ ನೀರಾವಿ ಅಳತೆಯನ್ನು ಹೆಚ್ಚು ಕೆಡಿಸುವುದಿಲ್ಲ. ಹವಾಮಾನ ಉಪಗ್ರಹಗಳು ಮೋಡಗಳ ತಾಪವನ್ನು ಅಳೆಯುವುದೂ ಇದೇ ಪಟ್ಟಿಯೊಳಗಿನ ವಿಕಿರಣದಿಂದ.

ಉಪಕರಣಕ್ಕೆ ಬಂದು ಬೀಳುವ ವಿಕಿರಣದಲ್ಲಿ ಎರಡು ಪಾಲುಗಳಿವೆ: ಮೇಲ್ಮೈ ತಾನೇ ಸೂಸಿದ್ದು ಮತ್ತು ಸುತ್ತಲಿನಿಂದ ಬಂದು ಮೇಲ್ಮೈಯಲ್ಲಿ ಪ್ರತಿಫಲಿಸಿದ್ದು. ಉತ್ಸರ್ಜನಾಂಕ ಕಡಿಮೆಯಾದಷ್ಟೂ ಎರಡನೆಯ ಪಾಲು ಹೆಚ್ಚುತ್ತದೆ.

ರಚನೆ

ಉಪಕರಣದ ಮುಂತುದಿಯಲ್ಲಿ ಅವಕೆಂಪು ವಿಕಿರಣವನ್ನು ಒಳಬಿಡುವ ಮಸೂರವಿರುತ್ತದೆ. ಅಗ್ಗದ ಮಾದರಿಗಳಲ್ಲಿ ಇದು ಹೆಚ್ಚಾಗಿ ತೆಳು ಪ್ಲಾಸ್ಟಿಕ್ಕಿನ ಫ್ರೆನೆಲ್ ಮಸೂರ. ಸಾಮಾನ್ಯ ಗಾಜು 8–14 ಮೈಕ್ರೊಮೀಟರ್ ಪಟ್ಟಿಗೆ ಅಪಾರದರ್ಶಕವಾದ್ದರಿಂದ ಬಳಕೆಗೆ ಬರುವುದಿಲ್ಲ. ಮಸೂರದ ಹಿಂದೆ ಥರ್ಮೊಪೈಲ್, ಅದರ ಮಗ್ಗುಲಲ್ಲೇ ಥರ್ಮೊಪೈಲಿನ ಸ್ವಂತ ತಾಪವನ್ನು ಅಳೆಯುವ ಥರ್ಮಿಸ್ಟರ್ ಇರುತ್ತವೆ. ಥರ್ಮೊಪೈಲ್ ಕೊಡುವುದು ವಸ್ತುವಿಗೂ ತನಗೂ ಇರುವ ವ್ಯತ್ಯಾಸದ ಸೂಚನೆಯನ್ನು ಮಾತ್ರ. ಅದಕ್ಕೆ ಥರ್ಮಿಸ್ಟರಿನ ಅಂಕಿಯನ್ನು ಸೇರಿಸಿ, ಉತ್ಸರ್ಜನಾಂಕದ ತಿದ್ದುಪಡಿ ಮಾಡಿ, ಒಳಗಿನ ಚಿಪ್ಪು ತಾಪವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಅರ್ಧ ಸೆಕೆಂಡು ಸಾಕು.

ಕುದುರೆ ಅಥವಾ ಟ್ರಿಗರ್, ಹಿಂಬೆಳಕಿನ ತೆರೆ, 9 ವೋಲ್ಟಿನ ಒಂದು ಬ್ಯಾಟರಿ ಅಥವಾ ಸಣ್ಣ ಸೆಲ್ಲುಗಳು ಉಳಿದ ಭಾಗಗಳು. ಕೆಂಪು ಲೇಸರ್ ಗುರಿ ತೋರಿಸುವುದಕ್ಕಷ್ಟೇ ಇದೆ. ತಾಪದ ಅಳತೆಯಲ್ಲಿ ಅದರ ಪಾತ್ರವಿಲ್ಲ.

ಬಗೆಗಳು

ಶರೀರ ತಾಪಮಾಪಕ: ಹಣೆ ಅಥವಾ ಕಿವಿಗೆ ಹಿಡಿಯುವಂಥದು. ಇದರ ವ್ಯಾಪ್ತಿ ಸುಮಾರು 32ರಿಂದ 43° ಸೆ. ಚರ್ಮದ ತಾಪವನ್ನು ಶರೀರದ ತಾಪಕ್ಕೆ ಹೊಂದಿಸುವ ತಿದ್ದುಪಡಿ ಒಳಗೇ ಅಡಕವಾಗಿರುವುದರಿಂದ ಗ್ಯಾರೇಜಿನ ಕೆಲಸಕ್ಕೆ ಬಾರದು. ಕೋವಿಡ್ ಕಾಲದಲ್ಲಿ ಕೊಂಡ ಉಪಕರಣಗಳಲ್ಲಿ ಹೆಚ್ಚಿನವು ಈ ವರ್ಗದವು.

ಒಂಟಿ ಲೇಸರಿನ ಕೈ ಉಪಕರಣ: ಮನೆ ಗ್ಯಾರೇಜಿನ ಸಾಮಾನ್ಯ ಬಗೆ. ವ್ಯಾಪ್ತಿ ಸಾಮಾನ್ಯವಾಗಿ −50ರಿಂದ 380 ಅಥವಾ 550° ಸೆ.; ದೂರ–ವೃತ್ತ ಅನುಪಾತ 8:1 ಅಥವಾ 12:1.

ಜೋಡಿ ಲೇಸರಿನ ಉಪಕರಣ: ಎರಡು ಚುಕ್ಕೆಗಳು ಅಳತೆ ವೃತ್ತದ ಅಂಚುಗಳನ್ನು ಸೂಚಿಸುತ್ತವೆ. ಗುರಿ ತಪ್ಪುವ ಸಾಧ್ಯತೆ ಕಡಿಮೆ, ಬೆಲೆ ಹೆಚ್ಚು.

ತಂತಿ ಸಂವೇದಕವಿರುವ ಉಪಕರಣ: ಅವಕೆಂಪು ಅಳತೆಯ ಜೊತೆಗೆ ಕೆ-ಬಗೆಯ ಥರ್ಮೊಕಪಲ್ ತಂತಿಗೆ ಸಾಕೆಟ್ ಇರುವಂಥದು. ಹೊಳೆಯುವ ಲೋಹ, ಗಾಳಿ, ದ್ರವದ ಒಳಭಾಗ ಇವುಗಳನ್ನು ತಂತಿಯಿಂದ ಅಳೆಯಬಹುದು.

ಉಷ್ಣಚಿತ್ರ ಕ್ಯಾಮೆರಾ: ಒಂದು ಬಿಂದುವಿನ ಬದಲು ಇಡೀ ದೃಶ್ಯದ ತಾಪವನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಮೊಬೈಲಿಗೆ ಜೋಡಿಸುವ ಮಾದರಿಗಳು 2014ರಿಂದ ಮಾರುಕಟ್ಟೆಯಲ್ಲಿವೆ.

ಆಯ್ಕೆಯ ಮಾನದಂಡಗಳು

ತಾಪದ ವ್ಯಾಪ್ತಿ. ಮನೆ ಗ್ಯಾರೇಜಿನ ಹೆಚ್ಚಿನ ಅಳತೆಗಳು 0ಯಿಂದ 300° ಸೆ. ಒಳಗೆ ಬರುತ್ತವೆ. ಎಂಜಿನ್ನಿನ ನೀರು 80–100° ಸೆ. ಆಸುಪಾಸಿನಲ್ಲಿರುತ್ತದೆ, ಬೇರಿಂಗು, ಮೋಟಾರುಗಳು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತವೆ. ಸೈಲೆನ್ಸರ್ ಮ್ಯಾನಿಫೋಲ್ಡ್ ಮತ್ತು ಘಟ್ಟ ಇಳಿದ ಬ್ರೇಕುಗಳಿಗಷ್ಟೇ ಹೆಚ್ಚಿನ ವ್ಯಾಪ್ತಿ ಬೇಕು. 380° ಸೆ. ವರೆಗಿನ ಮಾದರಿ ಮೊದಲ ಬಗೆಯ ಕೆಲಸಗಳಿಗೆಲ್ಲ ಸಾಲುತ್ತದೆ. ಮ್ಯಾನಿಫೋಲ್ಡನ್ನು ಪದೇ ಪದೇ ನೋಡುವವರಿಗೆ 550° ಸೆ. ವ್ಯಾಪ್ತಿ ತಕ್ಕುದು.

ದೂರ–ವೃತ್ತ ಅನುಪಾತ. 12:1 ಅನುಪಾತದ ಉಪಕರಣ 60 ಸೆಂ.ಮೀ. ದೂರದಿಂದ 5 ಸೆಂ.ಮೀ. ವ್ಯಾಸದ ವೃತ್ತವನ್ನೂ 30 ಸೆಂ.ಮೀ. ದೂರದಿಂದ 2.5 ಸೆಂ.ಮೀ. ವೃತ್ತವನ್ನೂ ನೋಡುತ್ತದೆ. 8:1ರ ಉಪಕರಣ 5 ಸೆಂ.ಮೀ. ವೃತ್ತಕ್ಕಾಗಿ 40 ಸೆಂ.ಮೀ. ಹತ್ತಿರಕ್ಕೆ ಬರಬೇಕು. ಅಳೆಯುವ ಭಾಗ ವೃತ್ತದ ಎರಡರಷ್ಟು ಅಗಲವಿರುವುದು ಸುರಕ್ಷಿತ. ಇಲ್ಲವಾದರೆ ಹಿನ್ನೆಲೆಯ ತಾಪವೂ ಸರಾಸರಿಯಲ್ಲಿ ಬೆರೆಯುತ್ತದೆ. ಬಿಸಿ ಎಂಜಿನ್ನಿಗೆ ಕೈ ಸೋಕದ ದೂರದಿಂದ ಹೋಸ್‌ಪೈಪು, ಬೇರಿಂಗುಗಳನ್ನು ಅಳೆಯಲು 12:1 ಅನುಕೂಲ.

ಉತ್ಸರ್ಜನಾಂಕದ ಹೊಂದಾಣಿಕೆ. ತೀರ ಅಗ್ಗದ ಮಾದರಿಗಳಲ್ಲಿ ಇದು 0.95ಕ್ಕೆ ಸ್ಥಿರ. ಸ್ವಲ್ಪ ಹೆಚ್ಚಿನ ಬೆಲೆಯವುಗಳಲ್ಲಿ 0.10ರಿಂದ 1.00ರವರೆಗೆ ಬದಲಿಸಬಹುದು. ಸಾಮಾನ್ಯ ಮೇಲ್ಮೈಗಳ ಅಂದಾಜು ಉತ್ಸರ್ಜನಾಂಕ ಹೀಗಿದೆ:

ರಬ್ಬರು, ಟೈರು – 0.95
ಕಪ್ಪು ಇನ್ಸುಲೇಷನ್ ಟೇಪು – 0.95
ಬಣ್ಣ ಬಳಿದ ಲೋಹ – 0.90–0.95
ನೀರು – 0.95ಕ್ಕಿಂತ ಹೆಚ್ಚು
ಒರಟು ಎರಕದ ಕಬ್ಬಿಣ – 0.80–0.95
ತುಕ್ಕು ಹಿಡಿದ ಕಬ್ಬಿಣ – 0.60–0.85
ಹೊಸ ಸತುಲೇಪಿತ ತಗಡು – 0.20–0.30
ಹೊಳಪಿನ ಅಲ್ಯೂಮಿನಿಯಂ – 0.04–0.10

ಕೊನೆಯ ಸಾಲಿನ ಪರಿಣಾಮ ದೊಡ್ಡದು. ಉತ್ಸರ್ಜನಾಂಕ 0.10 ಇರುವ ಹೊಳಪಿನ ಅಲ್ಯೂಮಿನಿಯಂ ಭಾಗವೊಂದು ನಿಜವಾಗಿ 90° ಸೆ. ಇದ್ದು, ಸುತ್ತಲಿನ ತಾಪ 27° ಸೆ. ಆಗಿದ್ದರೆ, 0.95ಕ್ಕೆ ಸ್ಥಿರವಾದ ಉಪಕರಣ ನಾಲ್ಕನೆಯ ಘಾತದ ಲೆಕ್ಕದಂತೆ ಸುಮಾರು 36° ಸೆ. ಮಾತ್ರ ತೋರಿಸುತ್ತದೆ. ಅಂಥ ಭಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡನ್ನು ಅಂಟಿಸಿ ಅಥವಾ ಉಷ್ಣ ತಾಳುವ ಮಂಕು ಕಪ್ಪು ಬಣ್ಣದ ಗುರುತು ಹಾಕಿ, ಆ ಜಾಗವನ್ನೇ ಅಳೆದರೆ ದೋಷ ಬಹುಪಾಲು ನೀಗುತ್ತದೆ. ಟೇಪು 80° ಸೆ. ಆಸುಪಾಸಿನವರೆಗೆ ಮಾತ್ರ ಯೋಗ್ಯ. ಅದರಾಚೆಗೆ ಬಣ್ಣವೇ ಬೇಕು. ಹೀಗಾಗಿ ಸ್ಥಿರ ಉತ್ಸರ್ಜನಾಂಕದ ಉಪಕರಣವೂ ಮನೆ ಗ್ಯಾರೇಜಿನಲ್ಲಿ ನಿಭಾಯಿಸುತ್ತದೆ.

ನಿಖರತೆ. ಸಾಮಾನ್ಯ ಮಾದರಿಗಳ ನಿಖರತೆ ±2° ಸೆ. ಅಥವಾ ಅಂಕಿಯ ±2%, ಎರಡರಲ್ಲಿ ದೊಡ್ಡದು. ಅಂದರೆ 60° ಸೆ.ನಲ್ಲಿ 2 ಡಿಗ್ರಿ, 300° ಸೆ.ನಲ್ಲಿ 6 ಡಿಗ್ರಿ ಹೆಚ್ಚುಕಡಿಮೆಯಾಗಬಹುದು. ತೆರೆಯ ಮೇಲೆ ದಶಮಾಂಶದ ಅಂಕಿ ಕಾಣುವುದು ನಿಖರತೆಯ ಸೂಚನೆಯಲ್ಲ. ಗ್ಯಾರೇಜಿನ ಹೆಚ್ಚಿನ ಅಳತೆಗಳು ಎಡ–ಬಲ, ನಿನ್ನೆ–ಇಂದಿನ ಹೋಲಿಕೆಗಳಾದ್ದರಿಂದ, ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದಾಗ ಒಂದೇ ಅಂಕಿ ಬರುವ ಗುಣ ಇಲ್ಲಿ ಹೆಚ್ಚು ಮುಖ್ಯ.

ಇತರ ಲಕ್ಷಣಗಳು. ಗರಿಷ್ಠ ತಾಪವನ್ನು ಹಿಡಿದಿಡುವ ಸೌಲಭ್ಯ, ಕುದುರೆ ಒತ್ತಿದಷ್ಟು ಹೊತ್ತೂ ಅಳೆಯುವ ಸೌಲಭ್ಯ, ಹಿಂಬೆಳಕು, ಸುಲಭವಾಗಿ ಸಿಗುವ ಬ್ಯಾಟರಿ ಇವು ಉಪಯುಕ್ತ. ದೂಳು ಮತ್ತು ನೀರಿನ ಸಿಡಿತವನ್ನು ತಡೆಯುವ ಐಪಿ54 ದರ್ಜೆ ಅಗ್ಗದ ಮಾದರಿಗಳಲ್ಲಿ ಅಪರೂಪ.

ಬೆಲೆ. ಸ್ಥಿರ ಉತ್ಸರ್ಜನಾಂಕದ ಸರಳ ಮಾದರಿಗಳು ಭಾರತದ ಮಾರುಕಟ್ಟೆಯಲ್ಲಿ ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಉತ್ಸರ್ಜನಾಂಕ ಬದಲಿಸುವ, ಜೋಡಿ ಲೇಸರಿನ, ತಂತಿ ಸಂವೇದಕದ ಮಾದರಿಗಳು ಅದಕ್ಕಿಂತ ಮೇಲಿನ ದರದವು. ವೃತ್ತಿಪರರ ಮಾದರಿಗಳಿಗೆ ಉದಾಹರಣೆ ಫ್ಲೂಕ್ 62 ಮ್ಯಾಕ್ಸ್: −30ರಿಂದ 500° ಸೆ. ವ್ಯಾಪ್ತಿ, 10:1 ಅನುಪಾತ, ±1.5° ಸೆ. ಅಥವಾ ±1.5% ನಿಖರತೆ, ಐಪಿ54 ರಕ್ಷಣೆ. ಇದರ ವ್ಯಾಪ್ತಿಯೂ ಅನುಪಾತವೂ ಅಗ್ಗದ ಮಾದರಿಗಳಿಗಿಂತ ಹೆಚ್ಚೇನಲ್ಲ. ಹೆಚ್ಚಿನ ಬೆಲೆ ಮುಖ್ಯವಾಗಿ ನಿಖರತೆ, ಗಟ್ಟಿತನ ಮತ್ತು ಖಾತರಿಗೆ ಸಲ್ಲುತ್ತದೆ.

ಗ್ಯಾರೇಜಿನಲ್ಲಿ ಉಪಯೋಗ

ತಂಪು ವ್ಯವಸ್ಥೆ: ಎಂಜಿನ್ನಿನ ಥರ್ಮೊಸ್ಟಾಟುಗಳು ಸಾಮಾನ್ಯವಾಗಿ 80ರಿಂದ 90° ಸೆ. ನಡುವೆ ತೆರೆದುಕೊಳ್ಳುತ್ತವೆ. ತಣ್ಣನೆಯ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ರಬ್ಬರ್ ಹೋಸನ್ನು ಅಳೆಯುತ್ತಿದ್ದರೆ, ಥರ್ಮೊಸ್ಟಾಟ್ ತೆರೆದಾಗ ಅಂಕಿ ಒಮ್ಮೆಗೇ ಏರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಮೇಲಿನ ಹೋಸು ತಣ್ಣಗಿದ್ದರೆ ಥರ್ಮೊಸ್ಟಾಟ್ ಮುಚ್ಚಿಯೇ ಇದೆ ಎಂದು ಊಹಿಸಬಹುದು. ರೇಡಿಯೇಟರಿನ ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅದು ಒಳಗಿನ ಅಡಚಣೆಯ ಲಕ್ಷಣ.

ಸಿಲಿಂಡರುಗಳ ಹೋಲಿಕೆ: ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದು ನಿಮಿಷದೊಳಗೆ ಮ್ಯಾನಿಫೋಲ್ಡಿನ ಪ್ರತಿ ಕವಲನ್ನೂ ಅಳೆದರೆ, ಕೆಲಸ ಮಾಡದ ಸಿಲಿಂಡರಿನ ಕವಲು ಉಳಿದವಕ್ಕಿಂತ ಎದ್ದು ಕಾಣುವಷ್ಟು ತಣ್ಣಗಿರುತ್ತದೆ.

ಬ್ರೇಕು ಮತ್ತು ಗಾಲಿ: ಓಡಿಸಿ ತಂದ ಕೂಡಲೇ ಎಡ ಮತ್ತು ಬಲ ಗಾಲಿಗಳ ಡ್ರಮ್ಮನ್ನೋ ಡಿಸ್ಕನ್ನೋ ಒಂದೇ ಜಾಗದಲ್ಲಿ ಅಳೆಯಬೇಕು. ಒಂದು ಬದಿ ಬಹಳ ಬಿಸಿಯಾಗಿದ್ದರೆ ಬ್ರೇಕು ಕಚ್ಚಿಕೊಂಡಿರಬಹುದು. ಬಹಳ ತಣ್ಣಗಿದ್ದರೆ ಹಿಡಿಯದಿರಬಹುದು. ಡಿಸ್ಕಿನಲ್ಲಿ ಪ್ಯಾಡು ಉಜ್ಜುವ ಭಾಗ ಹೊಳೆಯುವುದರಿಂದ ಅಂಕಿ ತಗ್ಗಿ ಬರುತ್ತದೆ. ತುಕ್ಕಿನ ಬಣ್ಣಕ್ಕೆ ತಿರುಗಿದ ಒಳಭಾಗವನ್ನು ಅಳೆಯುವುದು ಸರಿ.

ಬೇರಿಂಗು, ಬೆಲ್ಟು: ಪಂಪ್‌ಸೆಟ್ಟು, ಟಿಲ್ಲರ್, ಅಡಿಕೆ ಸುಲಿಯುವ ಯಂತ್ರಗಳ ಬೇರಿಂಗ್ ಮನೆಗಳನ್ನು ನಿಯತವಾಗಿ ಅಳೆದು ಬರೆದಿಟ್ಟುಕೊಂಡರೆ, ಗ್ರೀಸು ಒಣಗಿದ ಅಥವಾ ಸವೆದ ಬೇರಿಂಗು ಸದ್ದು ಮಾಡುವ ಮೊದಲೇ ಗೊತ್ತಾಗಬಹುದು.

ವಿದ್ಯುತ್ ಜೋಡಣೆ: ಮೂರು ಫೇಸಿನ ಸ್ಟಾರ್ಟರಿನಲ್ಲಿ ಒಂದು ತುದಿ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ತಿರುಪು ಸಡಿಲವಾಗಿರುವ ಸಂಭವವಿದೆ. ವಾಹನದ ಬ್ಯಾಟರಿಯ ಕ್ಲಾಂಪಿಗೂ ಇದು ಅನ್ವಯಿಸುತ್ತದೆ.

ಕಾರಿನ ಎ.ಸಿ. ಕಿಂಡಿಯಿಂದ ಬರುವ ಗಾಳಿಯ ತಾಪವನ್ನು ಅವಕೆಂಪು ವಿಧಾನದಿಂದ ನೇರವಾಗಿ ಅಳೆಯಲಾಗದು. ತೆರೆ ತೋರಿಸುವುದು ಕಿಂಡಿಯ ಪ್ಲಾಸ್ಟಿಕ್ ಪಟ್ಟಿಯ ತಾಪವನ್ನೇ ಹೊರತು ಗಾಳಿಯದ್ದನ್ನಲ್ಲ.

ಮಲೆನಾಡಿನ ಸನ್ನಿವೇಶ

ಶಿವಮೊಗ್ಗ–ತೀರ್ಥಹಳ್ಳಿ ಹೆದ್ದಾರಿ ತೀರ್ಥಹಳ್ಳಿಯಿಂದ ಮುಂದೆ ಆಗುಂಬೆ ಘಟ್ಟದ 14 ಹೇರ್‌ಪಿನ್ ತಿರುವುಗಳ ಮೂಲಕ ಕರಾವಳಿಗೆ ಇಳಿಯುತ್ತದೆ. ಹೊಸನಗರ ತಾಲ್ಲೂಕಿನಿಂದ ಕೆಳಗಿಳಿಯುವ ಹುಲಿಕಲ್ ಘಟ್ಟವೂ ಇಂಥದೇ ಕಡಿದಾದ ಇಳಿಜಾರು. 1,500 ಕಿ.ಗ್ರಾಂ. ತೂಕದ ವಾಹನ 500 ಮೀ. ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 7.4 ಮೆಗಾಜೂಲ್, ಅಂದರೆ ಎರಡು ಯೂನಿಟ್ ವಿದ್ಯುತ್ತಿಗೆ ಸಮ. ಎಂಜಿನ್ ತಡೆ ಮತ್ತು ಗಾಳಿಯ ತಡೆ ಕಳೆದು ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿಸಿದಾಗಿನ ಮತ್ತು ಬ್ರೇಕಿನ ಮೇಲೆಯೇ ಇಳಿಸಿದಾಗಿನ ಡ್ರಮ್ಮಿನ ತಾಪವನ್ನು ಹೋಲಿಸಿದರೆ ಈ ಹಂಚಿಕೆ ಅಂಕಿಯಲ್ಲೇ ತಿಳಿಯುತ್ತದೆ.

ಬ್ರೇಕ್ ಆಯಿಲಿನ ಮಿತಿಯನ್ನು ಇದರೊಂದಿಗೆ ಸೇರಿಸಿ ನೋಡಬೇಕು. ಡಾಟ್-3 ದರ್ಜೆಯ ಹೊಸ ಆಯಿಲಿನ ಕನಿಷ್ಠ ಕುದಿಬಿಂದು 205° ಸೆ.; ತೇವ ಹೀರಿದ ಸ್ಥಿತಿಯಲ್ಲಿ 140° ಸೆ. ಡಾಟ್-4ಕ್ಕೆ ಈ ಅಂಕಿಗಳು 230 ಮತ್ತು 155. ತಿಂಗಳುಗಟ್ಟಲೆ ಮಳೆ ಹಿಡಿಯುವ ಸೀಮೆಯಲ್ಲಿ ಆಯಿಲು ತೇವ ಹೀರಲು ಅವಕಾಶ ಹೆಚ್ಚು. ಅವಕೆಂಪು ತಾಪಮಾಪಕ ಡ್ರಮ್ಮಿನ ಹೊರಮೈಯನ್ನು ಅಳೆಯುತ್ತದೆಯೇ ಹೊರತು ಆಯಿಲನ್ನಲ್ಲ. ಆಯಿಲಿನ ಸ್ಥಿತಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಅಡಿಕೆ ಬೇಯಿಸುವ ಹಂಡೆಗೆ ಈ ಉಪಕರಣ ತಕ್ಕುದಲ್ಲ. ಕುದಿಯುವ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸುವ ದ್ರವದಿಂದ, ಮೇಲೇಳುವ ಹಬೆಯ ಕಣಗಳು ಕೆಳಗಿನ ದ್ರವದ ವಿಕಿರಣವನ್ನು ಮರೆಮಾಡುತ್ತವೆ, ಮಸೂರಕ್ಕೂ ಮಂಜು ಕಟ್ಟುತ್ತದೆ. ಬೆಳಗಿದ ತಾಮ್ರದ ಹಂಡೆಯ ಹೊರಮೈಯ ಉತ್ಸರ್ಜನಾಂಕ ತೀರ ಕಡಿಮೆಯಾದ್ದರಿಂದ ಹೊರಗಿನಿಂದ ಅಳೆದರೂ ಅಂಕಿ ನಂಬುವಂತಿರುವುದಿಲ್ಲ. ಒಣಗಲು ಹರವಿದ ಅಡಿಕೆಯ ಮೇಲ್ಮೈಯನ್ನು ಅಳೆಯಲು ಇಂಥ ಅಡ್ಡಿಯಿಲ್ಲ.

ಅಳತೆಯ ದೋಷಗಳು

ಗಾಜಿನ ಮೂಲಕ ಅಳೆದರೆ ಗಾಜಿನ ತಾಪವೇ ಬರುತ್ತದೆ. ಎಣ್ಣೆ, ಗ್ರೀಸು, ಕೆಸರು ಮೆತ್ತಿದ ಭಾಗದಲ್ಲಿ ಆ ಪದರದ ತಾಪ ಬರುತ್ತದೆ. ಲೇಸರ್ ಮಸೂರದ ಅಕ್ಷದಿಂದ ತುಸು ಸರಿದಿರುವುದರಿಂದ, ತೀರ ಹತ್ತಿರದಲ್ಲಿ ಅಳತೆ ವೃತ್ತ ಚುಕ್ಕೆಯಿಂದ ಆಚೀಚೆ ಬೀಳುತ್ತದೆ. ಬಿಸಿ ಸೈಲೆನ್ಸರಿನ ಪಕ್ಕದ ಹೊಳಪಿನ ಭಾಗದಲ್ಲಿ ಸೈಲೆನ್ಸರಿನ ಪ್ರತಿಫಲನವೂ ಅಂಕಿಗೆ ಸೇರುತ್ತದೆ. ತಣ್ಣನೆಯ ಕೋಣೆಯಿಂದ ಬಿಸಿಲಿಗೆ ತಂದ ಉಪಕರಣವನ್ನು ಸುಮಾರು ಅರ್ಧ ಗಂಟೆ ಹಾಗೇ ಬಿಟ್ಟು, ಒಳತಾಪ ಹೊಂದಿಕೊಂಡ ನಂತರ ಬಳಸಬೇಕು.

ಪರೀಕ್ಷೆ ಮತ್ತು ಪಾಲನೆ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಮಂಜುಗಡ್ಡೆಯದು. ಅಗಲ ಬಾಯಿಯ ಪಾತ್ರೆಯಲ್ಲಿ ಪುಡಿ ಮಾಡಿದ ಮಂಜುಗಡ್ಡೆ ತುಂಬಿ, ನೀರು ಸೇರಿಸಿ, ಕಲಕಿ, ಹತ್ತಿರದಿಂದ ಅಳೆದರೆ 0° ಸೆ. ಆಸುಪಾಸಿನ ಅಂಕಿ ಬರಬೇಕು. ಕುದಿಯುವ ನೀರು ಹಬೆಯ ಕಾರಣದಿಂದ ಇಷ್ಟು ಅನುಕೂಲಕರವಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀ. ಎತ್ತರದ ತೀರ್ಥಹಳ್ಳಿ ಸೀಮೆಯಲ್ಲಿ ನೀರು ಕುದಿಯುವುದೂ 100ಕ್ಕಲ್ಲ, 98° ಸೆ. ಆಸುಪಾಸಿನಲ್ಲಿ. ಅಧಿಕೃತ ಮಾಪನಾಂಕ ನಿರ್ಣಯವನ್ನು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಗಳು ಮಾಡಿಕೊಡುತ್ತವೆ. ಅಗ್ಗದ ಉಪಕರಣಕ್ಕೆ ಅದರ ಶುಲ್ಕವೇ ಕೊಂಡ ಬೆಲೆಯನ್ನು ಸಮೀಪಿಸಬಹುದು.

ಹೆಚ್ಚಿನ ಉಪಕರಣಗಳನ್ನು 0ಯಿಂದ 50° ಸೆ. ಪರಿಸರಕ್ಕೆ, ತೇವ ಹನಿಗಟ್ಟದ ಸ್ಥಿತಿಗೆ ರೂಪಿಸಿರುತ್ತಾರೆ. ಮಳೆಗಾಲದ ಶೆಡ್ಡಿನಲ್ಲಿ ಈ ಎರಡನೆಯ ಷರತ್ತು ಮೀರುವ ಸಂಭವವಿರುವುದರಿಂದ ಉಪಕರಣವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಉಚಿತ. ಬಳಸದ ತಿಂಗಳುಗಳಲ್ಲಿ ಬ್ಯಾಟರಿಯನ್ನು ಹೊರತೆಗೆಯಬೇಕು. ಸೋರಿದ ಬ್ಯಾಟರಿ ಸಂಪರ್ಕದ ತಗಡುಗಳನ್ನು ತಿಂದುಹಾಕುತ್ತದೆ. ಮಸೂರದ ದೂಳನ್ನು ಗಾಳಿ ಊದಿ ತೆಗೆದು, ನೀರಿನಲ್ಲಿ ತೇವಗೊಳಿಸಿದ ಹತ್ತಿಯಿಂದ ಮೃದುವಾಗಿ ಒರೆಸಬೇಕು. ಪೆಟ್ರೋಲು, ಥಿನ್ನರು ಪ್ಲಾಸ್ಟಿಕ್ ಮಸೂರವನ್ನು ಕೆಡಿಸುತ್ತವೆ.

ಸುರಕ್ಷತೆ

ಗುರಿ ಲೇಸರ್ ಸಾಮಾನ್ಯವಾಗಿ 1 ಮಿಲಿವ್ಯಾಟಿಗಿಂತ ಕಡಿಮೆಯ, 2ನೆಯ ದರ್ಜೆಯದು. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚಿಕೊಳ್ಳುವುದೇ ರಕ್ಷಣೆ. ಬೇಕೆಂದು ದಿಟ್ಟಿಸಬಾರದು, ಹೊಳಪಿನ ಭಾಗದಿಂದ ಪ್ರತಿಫಲಿಸಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ತಿರುಗುವ ಬೆಲ್ಟು, ಫ್ಯಾನುಗಳಿಂದ ದೂರ ನಿಂತು ಅಳೆಯಬೇಕು. ರೇಡಿಯೇಟರಿನ ಹೊರಮೈ ತಣ್ಣಗಿರುವಂತೆ ತೋರಿಸಿದರೂ ಒಳಗೆ ಒತ್ತಡವಿರಬಹುದಾದ್ದರಿಂದ, ಅಂಕಿಯೊಂದನ್ನೇ ನಂಬಿ ಮುಚ್ಚಳ ತೆರೆಯಬಾರದು.

ಇಂದಿನ ಸ್ಥಿತಿ

ಮೆಲೆಕ್ಸಿಸ್ ಕಂಪನಿಯ ಎಂಎಲ್‌ಎಕ್ಸ್90614ರಂಥ ಚಿಪ್ಪುಗಳು ಥರ್ಮೊಪೈಲನ್ನೂ ಲೆಕ್ಕದ ಮಂಡಲವನ್ನೂ ಒಂದೇ ಲೋಹದ ಟೊಪ್ಪಿಗೆಯೊಳಗೆ ಸೇರಿಸಿವೆ. −70ರಿಂದ 380° ಸೆ. ವರೆಗೆ ಅಳೆಯಬಲ್ಲ ಈ ಚಿಪ್ಪನ್ನು ಆರ್ಡುಯಿನೊ ಫಲಕಕ್ಕೆ ಜೋಡಿಸಿ ಹವ್ಯಾಸಿಗಳು ಸ್ವಂತ ತಾಪಮಾಪಕ ಕಟ್ಟಿಕೊಳ್ಳುತ್ತಾರೆ. ಉಷ್ಣಚಿತ್ರ ಕ್ಯಾಮೆರಾಗಳ ಬೆಲೆ ಇಳಿದಿದ್ದರೂ ಅವು ಒಂಟಿ ಬಿಂದುವಿನ ಉಪಕರಣಕ್ಕಿಂತ ಹಲವು ಪಟ್ಟು ದುಬಾರಿಯಾಗಿಯೇ ಇವೆ. ಉತ್ಸರ್ಜನಾಂಕದ ಮಿತಿ ಅವಕ್ಕೂ ಅನ್ವಯಿಸುತ್ತದೆ. ಮನೆ ಗ್ಯಾರೇಜಿನ ಹೋಲಿಕೆಯ ಅಳತೆಗಳಿಗೆ 12:1 ಅನುಪಾತ, 380° ಸೆ. ಅಥವಾ ಅದಕ್ಕೂ ಹೆಚ್ಚಿನ ವ್ಯಾಪ್ತಿ ಮತ್ತು ±2% ನಿಖರತೆಯ ಕೈ ಉಪಕರಣ, ಜೊತೆಗೆ ಕಪ್ಪು ಟೇಪು ಅಥವಾ ಮಂಕು ಕಪ್ಪು ಬಣ್ಣ, ಸದ್ಯಕ್ಕೆ ಅತಿ ಕಡಿಮೆ ವೆಚ್ಚದಲ್ಲಿ ಸಾಕಾಗುವ ಜೋಡಣೆ.